ಗಂಜಿ ಕೇಂದ್ರದಲ್ಲಿ ಓದಿದ್ದು

2018ರ ಆಗಸ್ಟ್. ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಜರಿದು ಜನ ಉಟ್ಟ ಬಟ್ಟೆಯಲ್ಲೇ ಇಳಿದು ಬಂದಿದ್ದರು. ನಾನಾಗ ಮಡಿಕೇರಿಯಲ್ಲಿ ಪ್ರೈಮರಿ ಟೀಚರ್. ಶಾಲೆಗೆ ರಜೆ. ಒಂದು ಗಂಜಿ ಕೇಂದ್ರಕ್ಕೆ ಹೋದೆ. ಬಡಿಸುವವರು ಬೇಕಾದಷ್ಟಿದ್ದರು. ನನಗೆ ಬರುವುದು ಓದಿ ಹೇಳುವುದೊಂದೇ.

ಮೊದಲ ಸಂಜೆಯ ಎಡವಟ್ಟು ನೆನೆದರೆ ಇವತ್ತಿಗೂ ನಾಚಿಕೆ. ಸಮಾಧಾನವಾಗಲಿ ಅಂತ ವಚನದ ಪುಸ್ತಕ ತೆಗೆದೆ. ಅಕ್ಕಮಹಾದೇವಿಯದು, ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ ಅಂತ ಶುರುವಾಗುತ್ತಲ್ಲ, ಅದು. ಬಾಯಿಪಾಠ ಇದ್ದದ್ದಕ್ಕೆ ಯೋಚನೆಯನ್ನೇ ಮಾಡಿರಲಿಲ್ಲ. ಹಾಲ್ ಗಪ್‌ಚುಪ್ ಆಯಿತು. ಕಂಬಳಿ ಹೊದ್ದು ಕೂತಿದ್ದ ಅಜ್ಜಿಯೊಬ್ಬರು, "ಮೃಗಕ್ಕೆ ನಾವು ಹೆದರಲಿಲ್ಲ ಟೀಚರೇ. ಆನೆ ಬಂದ್ರೆ ಪಟಾಕಿ ಹೊಡೀತಿದ್ವಿ. ಬೆಟ್ಟವೇ ಬಂದ್ರೆ ಏನು ಮಾಡೋದು ಅಂತ ಬರೆದಿದೆಯಾ ನೋಡಿ" ಅಂದರು.

ಪುಸ್ತಕ ಮುಚ್ಚಿದೆ. ರಾತ್ರಿ ದೇವರ ಮುಂದೆ ಕೂತರೆ ಬೇಡಿಕೊಳ್ಳಲು ಬಾಯಿಯೇ ಬರಲಿಲ್ಲ. ಎಲ್ಲರಿಗೂ ಒಳ್ಳೇದು ಮಾಡಪ್ಪ ಅನ್ನೋದು ಸುಮ್ನೆ ಬಾಯಿಮಾತು ಅನ್ನಿಸಿತು.

ಮರುದಿನ ಪೇಪರ್ ತಗೊಂಡು ಹೋಗಿ, ಏನು ಓದಲಿ ಅಂತ ಅವರನ್ನೇ ಕೇಳಿದೆ. ಎಲ್ಲಿ ರಸ್ತೆ ಹೋಗಿದೆ, ಯಾರು ಸಿಕ್ಕಿದರು, ಸಂಪಾಜೆ ದಾರಿ ಏನಾಯಿತು. ಅಷ್ಟೇ ಬೇಕಿತ್ತು. ಜೋಡುಪಾಲದ ಸುದ್ದಿಯನ್ನು ಒಬ್ಬರು ಮೂರು ಸಲ ಓದಿಸಿದರು. ಒಂದಕ್ಷರ ಬಿಡದೆ, ಮೆಲ್ಲಗೆ ಓದಿದೆ. ಆ ವಾರ ನಾನು ಮಾಡಿದ ಪೂಜೆ ಅದೊಂದೇ.

ಮಧ್ಯಾಹ್ನ ಅದೇ ಪೇಪರಿಗೆ ಇನ್ನೊಂದು ಕೆಲಸ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಕೂಲ್ ಬ್ಯಾಗ್ ಒಂದನ್ನು ಹೇಗೋ ತಂದಿದ್ದಳು. ಒಳಗೆಲ್ಲ ಒದ್ದೆ ಮುದ್ದೆ. ಹೊಸ ಪುಸ್ತಕ ಬರುತ್ತೆ ಅಂದರೂ ಕೇಳಲಿಲ್ಲ. ಮೊದಲನೆಯದನ್ನು ಅಡುಗೆ ಒಲೆ ಪಕ್ಕ ಇಟ್ಟು ಕೆಡಿಸಿದೆ, ಸೊಟ್ಟಗಾಗಿ ಹಾಳೆಗಳು ಅಂಟಿಕೊಂಡವು. ಆಮೇಲೆ ಬುದ್ಧಿ ಬಂತು. ಹಾಳೆ ಬಿಡಿಸಲು ಅವಸರ ಮಾಡಬಾರದು. ಹತ್ತಿಪ್ಪತ್ತು ಹಾಳೆಗೊಂದು ಪೇಪರ್ ತುಂಡು ಇಟ್ಟು, ಅದು ನೀರು ಹೀರಿದ ಹಾಗೆ ಬದಲಿಸಬೇಕು. ಸ್ವಲ್ಪ ಒಣಗಿದ ಮೇಲೆ ಪುಸ್ತಕವನ್ನು ಫ್ಯಾನ್ ಗಾಳಿಗೆ ನಿಲ್ಲಿಸಬೇಕು. ತಡಮಾಡಿದರೆ ಬೂಷ್ಟು. ಕೊಡಗಿನ ಮಳೆಗಾಲದಲ್ಲಿ ಬೆಲ್ಟಿಗೂ ಬೂಷ್ಟು ಹಿಡಿಯುತ್ತೆ, ಪುಸ್ತಕ ಯಾವ ಲೆಕ್ಕ?

ಪೇಪರ್ ಬದಲಿಸುವ ನೆಪದಲ್ಲಿ ಮಕ್ಕಳು ತೆರೆದ ಪುಟ ಓದತೊಡಗಿದರು. ಗಣಿತವನ್ನೂ. ನಾನು ಪಾಠ ಅಂತ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಓಡುತ್ತಿದ್ದರು. 2020ರಲ್ಲಿ ಶಾಲೆ ಮುಚ್ಚಿ, ನೆಟ್‌ವರ್ಕಿಗಾಗಿ ಮಕ್ಕಳು ಗುಡ್ಡ ಹತ್ತುವಂತಾದಾಗಲೂ ಇದೇ ಉಪಾಯ ನೆನಪಾಯಿತು. ಎದುರಿಗೆ ಪುಸ್ತಕ, ಕೈಗೊಂದು ಸಣ್ಣ ಕೆಲಸ.

ಅಜ್ಜಿಯ ಕಥೆ ಅರ್ಧಕ್ಕೆ ಬಿಟ್ಟೆ. ಹತ್ತು ದಿನದ ಮೇಲೆ ಅವರೇ ಕರೆದು, "ಅವತ್ತು ನಿಲ್ಲಿಸಿದ್ರಲ್ಲ, ಉಳಿದದ್ದು ಓದಿ" ಅಂದರು. ಹೆದರುತ್ತಲೇ ಓದಿದೆ. ಸಮುದ್ರದ ಸಾಲು ಆಯಿತು. ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಅನ್ನುವಲ್ಲಿ ಕೈ ಎತ್ತಿ ತಡೆದರು. ಒಂದು ಕಡೆ ಮಗು ಅಳು, ಇನ್ನೊಂದು ಕಡೆ ತಟ್ಟೆ ತೊಳೆಯುವ ಸದ್ದು, ಪಕ್ಕದಲ್ಲೇ ಯಾರದೋ ಗೊರಕೆ.

"ಇದು ಮಾತ್ರ ನಮ್ಮನ್ನೇ ನೋಡಿ ಬರೆದದ್ದು" ಅಂತ ನಕ್ಕರು.