ಹಳೆಯ ಸ್ಕೆಚ್‌ಬುಕ್ ನೋಡುವ ಕ್ರಮ

ಕಲಾವಿದರೊಬ್ಬರ ಹಳೆಯ ಸ್ಕೆಚ್‌ಬುಕ್ ಕೈಗೆ ಬಂದಾಗ ಕಣ್ಣು ನೇರವಾಗಿ ಚಿತ್ರಗಳತ್ತ ಹೋಗುವುದು ಸಹಜ. ಆದರೆ ಮೊದಲು ನೋಡಬೇಕಾದದ್ದು ಕಾಗದವನ್ನು ಮತ್ತು ಹೊಲಿಗೆಯನ್ನು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಎರಡೂ ರಟ್ಟುಗಳ ಕೆಳಗೆ ಮಡಿಸಿದ ಟವೆಲ್ ಇಟ್ಟು, ಬೆನ್ನಿಗೆ ಒತ್ತಡ ಬೀಳದಷ್ಟು ಮಾತ್ರ ಪುಸ್ತಕವನ್ನು ತೆರೆಯಿರಿ. ಬಟ್ಟೆಯ ಕೈಗವಸು ಬೇಡ. ಅದನ್ನು ತೊಟ್ಟರೆ ಹಾಳೆಯ ಅಂಚು ಬೆರಳಿಗೆ ಸರಿಯಾಗಿ ತಿಳಿಯುವುದಿಲ್ಲ, ಹಾಳೆ ಹರಿಯಬಹುದು.

ಹಾಳೆಯ ಹಿಂದಿನಿಂದ ಮೆಲುಬೆಳಕು ಬರುವಂತೆ ಹಿಡಿದು ನೋಡಿ. ಹತ್ತಿರ ಹತ್ತಿರವಾದ ಸಮಾಂತರ ಗೆರೆಗಳು ಕಂಡರೆ ಅವು ಕಾಗದ ತಯಾರಿಸುವ ಅಚ್ಚಿನ ತಂತಿಗಳು ಬಿಟ್ಟ ಗುರುತು. ಗೆರೆಗಳಿಲ್ಲದ ನುಣುಪು ಕಾಗದ ಇಂಗ್ಲೆಂಡಿನಲ್ಲಿ 1750ರ ದಶಕದಲ್ಲಿ ಬಂತು. 1794ರ ಸುಂಕದ ಕಾನೂನಿನ ನಂತರ ಅಲ್ಲಿನ ನೀರುಗುರುತುಗಳಲ್ಲಿ, ಅಂದರೆ ಬೆಳಕಿಗೆ ಹಿಡಿದಾಗ ಹಾಳೆಯೊಳಗೆ ಕಾಣುವ ತಯಾರಕರ ಗುರುತುಗಳಲ್ಲಿ, ಹೆಚ್ಚಾಗಿ ಇಸವಿಯೂ ಇರುತ್ತದೆ. ಚಿತ್ರವು ಸಾಮಾನ್ಯವಾಗಿ ಆ ಇಸವಿಗಿಂತ ಹಿಂದಿನದಾಗಿರಲಾರದು, ಆದರೆ ಎಷ್ಟೋ ವರ್ಷ ಈಚಿನದಾಗಿರಬಹುದು.

ಆಮೇಲೆ ಟಾರ್ಚನ್ನು ಪುಟದ ಪಕ್ಕದಿಂದ, ಮೇಲ್ಮೈಗೆ ತಾಗುವಷ್ಟು ತಗ್ಗಿನಲ್ಲಿ ಹಿಡಿಯಿರಿ. ಪೆನ್ಸಿಲ್ ಬೆಳ್ಳಿಯಂತೆ ಹೊಳೆಯುತ್ತದೆ, ಕಪ್ಪು ಸೀಮೆಸುಣ್ಣ ಹೊಳಪಿಲ್ಲದೆ ಪುಡಿಪುಡಿಯಾಗಿ ಕೂತಿರುತ್ತದೆ. ಜಲವರ್ಣ ಬಿದ್ದಲ್ಲಿ ಹಾಳೆ ಅಲೆಯಂತೆ ಸೊಟ್ಟಗಾಗಿರುತ್ತದೆ. ಕಬ್ಬಿಣದ ಅಂಶವಿರುವ ಹಳೆಯ ಶಾಯಿ ಕಂದು ಬಣ್ಣಕ್ಕೆ ತಿರುಗಿ, ಕೆಲವೆಡೆ ಹಾಳೆಯನ್ನೇ ತಿಂದು ಹಿಂಬದಿಗೂ ಇಳಿದಿರುತ್ತದೆ.

ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವುದು ಎದುರುಪುಟದ ಮಸುಕು ಅಚ್ಚು. ಮೆತ್ತನೆಯ ಸೀಮೆಸುಣ್ಣದ ಚಿತ್ರ ವರ್ಷಗಟ್ಟಲೆ ಒತ್ತಿಕೊಂಡು, ಕನ್ನಡಿಯ ಬಿಂಬದಂತೆ ಪಕ್ಕದ ಪುಟದಲ್ಲಿ ಮೂಡಿರುತ್ತದೆ. ಆ ಬಿಂಬ ಎದುರಿನ ಚಿತ್ರಕ್ಕೆ ಹೊಂದದಿದ್ದರೆ ನಡುವೆ ಒಂದು ಹಾಳೆ ಹೋಗಿದೆಯೇ ಎಂದು ಹುಡುಕಿ. ಹೊಲಿಗೆಯ ಬಳಿ ಹರಿದ ಹಾಳೆಯ ಬುಡ ಉಳಿದಿರಬಹುದು. ಈ ಎಚ್ಚರ ಏಕೆಂದರೆ, ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿರುವ, ಇಂಗ್ಲಿಷ್ ಚಿತ್ರಕಾರ ಟರ್ನರ್‌ನ ಸುಮಾರು 300 ಸ್ಕೆಚ್‌ಬುಕ್‌ಗಳಲ್ಲಿ ಕೆಲವನ್ನು ಕಲಾವಿಮರ್ಶಕ ರಸ್ಕಿನ್ 1850ರ ದಶಕದಲ್ಲಿ ವಿಂಗಡಿಸುವಾಗ ಬಿಚ್ಚಿಬಿಟ್ಟ. ಚಿತ್ರಗಳು ಉಳಿದವು, ಅವುಗಳ ಅನುಕ್ರಮ ಕದಡಿತು. ಆ ಅನುಕ್ರಮದಲ್ಲೇ ಕಲಾವಿದ ನಡೆದ ದಾರಿ ಇರುತ್ತದೆ.

ಪುಸ್ತಕವನ್ನು ತಲೆಕೆಳಗಾಗಿ ತಿರುಗಿಸಿ ಹಿಂದಿನಿಂದಲೂ ನೋಡಿ, ಏಕೆಂದರೆ ಅನೇಕರು ಎರಡೂ ತುದಿಗಳಿಂದ ಬಿಡಿಸುತ್ತಿದ್ದರು. ಮಣ್ಣಿನ ಕಲೆ, ಮೂಲೆಯ ಲೆಕ್ಕ, ಬಣ್ಣದ ಹೆಸರು ಯಾವುದನ್ನೂ ಅಳಿಸಬೇಡಿ. ಕಂಡದ್ದನ್ನು ಬೇರೆ ಕಾಗದದಲ್ಲಿ, ಪೆನ್ಸಿಲಿನಿಂದ ಮಾತ್ರ, ಹಾಳೆಯ ಸಂಖ್ಯೆಯೊಡನೆ ಬರೆದುಕೊಳ್ಳಿ. ಸಡಿಲವಾದ ಹಾಳೆ ಸಿಕ್ಕರೆ ಅದು ಇದ್ದ ಜಾಗದಲ್ಲೇ ಬಿಡಿ.