ಕ್ಯಾಮೆರಾಗಿಂತ ಕೀಲು ಮುಖ್ಯ: ನನ್ನ ಆಟಿಕೆ ಫೋಟೋಗ್ರಫಿ

ಆಕ್ಷನ್ ಫಿಗರ್‌ಗಳ, ಅಂದರೆ ಕೈಕಾಲು ಮಡಿಸಬಹುದಾದ ಪುಟ್ಟ ಗೊಂಬೆಗಳ ಫೋಟೋ ತೆಗೆಯುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಕ್ಯಾಮೆರಾ? ಗೊಂಬೆಯ ಕೀಲು ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಈ ಹವ್ಯಾಸ ಇಷ್ಟು ಬೆಳೆಯಲು ಕೀಲುಗಳೇ ದೊಡ್ಡ ಕಾರಣ ಅನ್ನುವುದು ನನ್ನ ಲೆಕ್ಕ.

ಕೀಲಿಲ್ಲದ ಪ್ಲಾಸ್ಟಿಕ್ ಸೈನಿಕ ಅಚ್ಚಿನಿಂದ ಹೇಗೆ ಬಂದನೋ ಹಾಗೇ ನಿಲ್ಲುತ್ತಾನೆ. 1970ರ ದಶಕದಲ್ಲಿ ಅಮೆರಿಕದ ಫೋಟೋಗ್ರಾಫರ್ ಡೇವಿಡ್ ಲೆವಿಂಥಾಲ್ ಅಂಥ ಸೈನಿಕರನ್ನಿಟ್ಟುಕೊಂಡೇ ಎರಡನೇ ಮಹಾಯುದ್ಧದ ದೃಶ್ಯಗಳನ್ನು ಕಟ್ಟಿದರು. ವ್ಯಂಗ್ಯಚಿತ್ರಕಾರ ಗ್ಯಾರಿ ಟ್ರೂಡೋ ಜೊತೆಗೂಡಿ 1977ರಲ್ಲಿ ಅದನ್ನು ಪುಸ್ತಕವಾಗಿಯೂ ತಂದರು. ಗೊಂಬೆ ಅಲ್ಲಾಡದಿದ್ದರೇನು, ಮಸುಕಾದ ಫೋಕಸ್‌ನಿಂದಲೇ ಅವರು ಓಟದ ಭ್ರಮೆ ಹುಟ್ಟಿಸಿದರು. ಎಂಥ ಉಪಾಯ, ಅಲ್ವಾ? ಅದೇ ಕಾಲಕ್ಕೆ ಕಲಾವಿದೆ ಲಾರಿ ಸಿಮನ್ಸ್ ಗೊಂಬೆಮನೆಯ ಚಿತ್ರಗಳನ್ನು ತೆಗೆಯುತ್ತಿದ್ದರು. ಇವೆಲ್ಲ ಗ್ಯಾಲರಿಯ ಮಾತು. ನಮ್ಮಂಥವರ ಕೈಗೆ ಇದು ಬಂದದ್ದು 2004ರಲ್ಲಿ ಫೋಟೋ ಹಂಚಿಕೊಳ್ಳುವ ತಾಣ ಫ್ಲಿಕರ್, 2010ರಲ್ಲಿ ಇನ್‌ಸ್ಟಾಗ್ರಾಮ್ ಶುರುವಾದ ಮೇಲೆ. ನಡುವೆ ಜಪಾನಿನಿಂದ 2006ರಲ್ಲಿ ರೆವೊಲ್ಟೆಕ್, 2008ರಲ್ಲಿ ಫಿಗ್ಮಾ ಅನ್ನುವ ಕೀಲುಗೊಂಬೆಗಳ ಸರಣಿಗಳು ಬಂದವು. ಗೇಣುದ್ದದ ಗೊಂಬೆ ಮೊಣಕಾಲೂರಿ ಕೂರುತ್ತದೆ, ಸೊಂಟ ತಿರುಗಿಸುತ್ತದೆ!

ನಾನು ಮೊದಲು ಸೊಂಟ ಸರಿಮಾಡುತ್ತೇನೆ. ಭಾರ ಒಂದೇ ಕಾಲಿನ ಮೇಲೆ ಬೀಳಬೇಕು. ಆಮೇಲೆ ಭುಜ, ಕೈ, ಕೊನೆಗೆ ತಲೆ. ತಲೆ ಚೂರು ತಿರುಗಿದರೂ ನೋಟ ಬದಲಾಗುತ್ತದೆ, ಕತೆಯೂ ಬದಲಾಗುತ್ತದೆ. ಭಂಗಿಗೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಕ್ಲಿಕ್ ಮಾಡುವುದು ಕ್ಷಣದ ಕೆಲಸ. ಜಿಗಿತ ಬೇಕಾದರೆ ಬೆನ್ನಿಗೆ ತಂತಿ ಕಟ್ಟುತ್ತೇನೆ. ಕ್ಯಾಮೆರಾ ಕದಲಿಸದೆ, ಗೊಂಬೆ ಇಲ್ಲದ ಇನ್ನೊಂದು ಫ್ರೇಮ್ ತೆಗೆದಿಟ್ಟುಕೊಂಡರೆ ಆಮೇಲೆ ತಂತಿ ಅಳಿಸುವುದು ಸುಲಭ.

ಕ್ಯಾಮೆರಾ ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಮೇಲಿನಿಂದ ತೆಗೆದರೆ ಅದು ಸುಮ್ನೆ ಮೇಜಿನ ಮೇಲಿಟ್ಟ ಆಟಿಕೆ. ಇಷ್ಟು ಹತ್ತಿರದಲ್ಲಿ ದೊಡ್ಡ ಸೆನ್ಸರ್‌ನ (ಬೆಳಕು ಹಿಡಿಯುವ ಭಾಗದ) ಕ್ಯಾಮೆರಾ ಮೂಗನ್ನು ಸ್ಪಷ್ಟವಾಗಿ ಹಿಡಿದು ಕಿವಿಯನ್ನು ಮಸುಕಾಗಿ ಬಿಡುತ್ತದೆ, ಹಾಗಾಗಿ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯನ್ನು ಎಫ್/8, ಎಫ್/11ರವರೆಗೆ ಕಿರಿದು ಮಾಡುತ್ತೇನೆ. ಫೋನಿನ ಸೆನ್ಸರ್ ಚಿಕ್ಕದು, ಅದಕ್ಕೆ ಈ ತೊಂದರೆ ಕಡಿಮೆ. ಹೊಸಬರಿಗೆ ಫೋನೇ ಸಾಕು ಅನ್ನುವುದು ಅದಕ್ಕೇ.

ಬೆಳಕಿನಲ್ಲಿ ಗೊಂಬೆಯ ಗಾತ್ರವೇ ಲಾಭ. ಟೇಬಲ್ ಲ್ಯಾಂಪಿನ ಮುಂದೆ ಟ್ರೇಸಿಂಗ್ ಪೇಪರ್ ಹಿಡಿದರೆ, ಅಷ್ಟು ಪುಟ್ಟ ಮುಖಕ್ಕೆ ಅದು ಕಿಟಕಿಯಷ್ಟು ದೊಡ್ಡ ಬೆಳಕು.

ಇದು ಪುಟ್ಟ ಗೊಂಬೆ ಅನ್ನುವ ಗುಟ್ಟು ರಟ್ಟು ಮಾಡುವುದು ಮಣ್ಣು ಮತ್ತು ನೀರು. ಮಣ್ಣನ್ನು ಜರಡಿ ಹಿಡಿದು ನುಣ್ಣಗೆ ಮಾಡದಿದ್ದರೆ ಪ್ರತಿ ಕಣವೂ ಕಲ್ಲಿನಂತೆ ಕಾಣುತ್ತದೆ. ಹಿಮಕ್ಕೆ ಅಡುಗೆ ಸೋಡಾ ಚೆನ್ನಾಗಿ ಹೊಂದುತ್ತದೆ. ನೀರಿಗೆ ಮಾತ್ರ ಉಪಾಯ ಕಡಿಮೆ. ಗೊಂಬೆ ಎಷ್ಟೇ ಚಿಕ್ಕದಿರಲಿ, ಹನಿ ತನ್ನ ಗಾತ್ರ ಬಿಡುವುದಿಲ್ಲ, ಕೆನ್ನೆಯ ಮೇಲೆ ಕೂತರೆ ಮುಖದ ಕಾಲು ಭಾಗವೇ ಮುಚ್ಚಿಹೋಗುತ್ತದೆ. ಮಳೆ ಬೇಕೆಂದರೆ ನಾನು ಗೊಂಬೆಯ ಹಿಂದೆ ಸಣ್ಣಗೆ ಸ್ಪ್ರೇ ಮಾಡಿ, ಹಿಂಬದಿಯಿಂದ ಬೆಳಕು ಬಿಡುತ್ತೇನೆ. ಮೈಮೇಲೆ ಒಂದು ಹನಿಯೂ ಬೀಳಲು ಬಿಡುವುದಿಲ್ಲ.