ಹಾಲ್‌ನಾಗ ಆನ್‌ಲೈನ್ ಮೀಟಿಂಗ್: ಮೊದ್ಲ ದನಿ, ಆಮ್ಯಾಲ ಪರದೆ

ಗಂಗಾವತಿ, ಸಿಂಧನೂರು ಕಡೆ ಈಗ ಸೊಸೈಟಿ ಹಾಲ್, ಶಾಲಿ, ಕಲ್ಯಾಣ ಮಂಟಪ ಎಲ್ಲಾ ಕಡೆ ಪ್ರೊಜೆಕ್ಟರೋ ದೊಡ್ಡ ಟಿವಿನೋ ಬಂದಾವ. ಭತ್ತದ ರೈತ್ರನ್ನ ಕೂಡ್ಸಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೋಡಿ ಆನ್‌ಲೈನ್‌ನಾಗ ಮಾತಾಡ್ಸೋದು, ದೂರದ ಊರಿನ ಮೇಷ್ಟ್ರಿಂದ ನಮ್ಮ ಹುಡುಗ್ರಿಗೆ ಪಾಠ ಹೇಳ್ಸೋದು, ಇವೆಲ್ಲಾ ಭಾಳ ಚಲೋ ಕೆಲಸ. ಆದ್ರ ಎಷ್ಟೋ ಕಡೆ ನೋಡೀನಿ, ಅರ್ಧ ತಾಸು 'ಹಲೋ ಹಲೋ, ಕೇಳ್ತೈತೇನ್ರೀ' ಅನ್ನೋದ್ರಾಗ ಹೋಗ್ತೈತಿ, ಕೆಲಸ ಬಿಟ್ಟು ಬಂದ ರೈತ್ರು ಎದ್ದು ಹೋಗ್ತಾರ. ಕಾರಣ ಇಷ್ಟ, ಸೆಟ್ಟಿಂಗ್ಸ್‌ನಾಗ ಬರೋ ಇಂಗ್ಲಿಷ್ ಪದ ಏನ್ ಹೇಳ್ತೈತಿ ಅಂತ ಗೊತ್ತಿಲ್ದ ಕೈಗೆ ಸಿಕ್ಕಿದ್ದು ಒತ್ತತಾರ. ಅದಕ್ಕ ಆ ಪದಗಳನ್ನ ಕೆಲಸದ ಕ್ರಮದಾಗ ಹೇಳ್ತೀನಿ.

1. ನೆಟ್

ಸ್ಪೀಡ್ ಟೆಸ್ಟ್ ಮಾಡಿದಾಗ ಎಲ್ಲಾರೂ ಡೌನ್‌ಲೋಡ್ ನೋಡ್ತಾರ, ನಿಮಗ ಬೇಕಾಗಿದ್ದು ಅಪ್‌ಲೋಡ್, ಯಾಕಂದ್ರ ನಿಮ್ಮ ಹಾಲ್‌ನ ಚಿತ್ರ, ದನಿ ಹೊರಗ ಹೋಗೋದು ಅದರಾಗ. ಝೂಮ್‌ನವ್ರ ಲೆಕ್ಕದಾಗ ಗುಂಪು ಮೀಟಿಂಗಿಗೆ 720ಪಿ ವಿಡಿಯೊ ಬೇಕಂದ್ರ ಅಪ್‌ಲೋಡ್ 2.6 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಡೌನ್‌ಲೋಡ್ 1.8 ಎಂಬಿಪಿಎಸ್. ನೀವು ಅದರ ಎರಡು ಪಟ್ಟು ಇಟ್ಕೋರಿ, ನೆಟ್ ಒಂದ ಸಮ ಇರೋದಿಲ್ಲ.

ಬ್ಯಾಂಡ್‌ವಿಡ್ತ್, ಲೇಟೆನ್ಸಿ ಬ್ಯಾರೆ ಬ್ಯಾರೆ. ತುಂಗಭದ್ರಾ ಎಡದಂಡೆ ಕಾಲುವಿಯಾಗ ಒಂದ್ ಸಲಕ್ಕ ಎಷ್ಟು ನೀರು ಹರೀತೈತಿ ಅನ್ನೋದು ಬ್ಯಾಂಡ್‌ವಿಡ್ತ್, ಗೇಟ್ ತೆಗೆದ ಮ್ಯಾಲ ಟೇಲ್ ಎಂಡ್ ಹೊಲಕ್ಕ ಮುಟ್ಟಾಕ ಎಷ್ಟು ಹೊತ್ತು ಹಿಡೀತೈತಿ ಅನ್ನೋದು ಲೇಟೆನ್ಸಿ. ದನಿ ಒಂದ್ ಕಡೆಯಿಂದ ಇನ್ನೊಂದ್ ಕಡೆ ಮುಟ್ಟಾಕ 150 ಮಿಲಿಸೆಕೆಂಡ್ ಒಳಗಿದ್ರ ಎದುರುಬದುರು ಕುಂತು ಮಾತಾಡಿದಂಗ ಇರ್ತೈತಿ, 400 ದಾಟಿದ್ರ ಇಬ್ರೂ ಒಮ್ಮೆಲೆ ಬಾಯಿ ತೆಗೀತಾರ, ಇಬ್ರೂ ಒಮ್ಮೆಲೆ ಸುಮ್ನಾಗ್ತಾರ. ಈ ಹೊತ್ತು ಕ್ಷಣಕ್ಕೊಂದು ಥರ ಏರುಪೇರಾದ್ರ ಅದಕ್ಕ ಜಿಟರ್ ಅಂತಾರ, ನಡುವ ಮಾಹಿತಿನ ಕಳೆದು ಹೋದ್ರ ಪ್ಯಾಕೆಟ್ ಲಾಸ್, ದನಿ ರೋಬೋಟ್‌ನಂಗ ಕಡಿಕಡಿದು ಬರೋದು ಇವೆರಡರಿಂದ. ವೈಫೈ ನಂಬಬ್ಯಾಡ್ರಿ, ರೌಟರ್‌ನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಎಳೀರಿ. ಕರೆಂಟ್ ಹೋದ್ರ ಲ್ಯಾಪ್‌ಟಾಪ್ ನಡೀತೈತಿ, ರೌಟರ್ ನಡಿಯೋದಿಲ್ಲ, ಅದಕ್ಕೊಂದು ಸಣ್ಣ ಯುಪಿಎಸ್ ಇಡ್ರಿ.

2. ಪರದೆ

ಎಚ್‌ಡಿಎಂಐ ಹಚ್ರಿ, ವಿಂಡೋಸ್ ಕೀ ಹಿಡಿದು 'ಪಿ' ಒತ್ರಿ. ಡುಪ್ಲಿಕೇಟ್ ಅಂದ್ರ ಲ್ಯಾಪ್‌ಟಾಪ್‌ನಾಗ ಇದ್ದಿದ್ದ ಪರದೆ ಮ್ಯಾಲೂ ಬರ್ತೈತಿ, ಎಕ್ಸ್‌ಟೆಂಡ್ ಅಂದ್ರ ಪರದೆ ಎರಡನೇ ಮೇಜಿನಂಗ ಬ್ಯಾರೆನ ಆಗ್ತೈತಿ. ಎಕ್ಸ್‌ಟೆಂಡ್‌ನ ಇಡ್ರಿ, ಇಲ್ಲಂದ್ರ ನಿಮ್ಮ ವಾಟ್ಸಾಪ್ ಮೆಸೇಜು, ಬ್ಯಾಂಕಿನ ಓಟಿಪಿ ಎಲ್ಲಾ ಮಂದಿ ಓದ್ತಾರ.

ಟಿವಿಯಾಗ ಅಂಚು ಕತ್ತರಿಸಿ ಹೋಗಿ ಕೆಳಗಿನ ಮ್ಯೂಟ್ ಬಟನ್ನ ಕಾಣ್ಲಿಲ್ಲಂದ್ರ ಅದಕ್ಕ ಓವರ್‌ಸ್ಕ್ಯಾನ್ ಅಂತಾರ, ಟಿವಿ ರಿಮೋಟ್‌ನಾಗ ಪಿಕ್ಚರ್ ಸೈಜ್‌ಗೆ ಹೋಗಿ 'ಜಸ್ಟ್ ಸ್ಕ್ಯಾನ್' ಅಥವಾ 'ಫಿಟ್ ಟು ಸ್ಕ್ರೀನ್' ಮಾಡ್ರಿ. ಮುಖ ಎಲ್ಲಾ ಅಗಲ ಕಂಡ್ರ ಆಸ್ಪೆಕ್ಟ್ ರೇಶಿಯೊ ತಪ್ಪೈತಿ ಅಂತ, ಅಂದ್ರ ಅಗಲಕ್ಕೂ ಎತ್ತರಕ್ಕೂ ಇರೋ ಪ್ರಮಾಣ, ಈಗಿನ ಟಿವಿ ಎಲ್ಲಾ 16:9, ಹಳೇ ಪ್ರೊಜೆಕ್ಟರ್ ಭಾಳಷ್ಟು 4:3.

ಪ್ರೊಜೆಕ್ಟರ್ ಇನ್ನೂ ತಗೊಂಡಿಲ್ಲಂದ್ರ ಇದೊಂದು ಕೇಳ್ರಿ. ಆನ್‌ಲೈನ್‌ನಾಗ ಅಗ್ಗಕ್ಕ ಸಿಗೋ ಡಬ್ಬಿ ಮ್ಯಾಲ '4ಕೆ ಸಪೋರ್ಟ್' ಅಂತ ದೊಡ್ಡಕ್ಷರದಾಗ ಇರ್ತೈತಿ. 4ಕೆ ಸಿಗ್ನಲ್ ಕೊಟ್ರ ತಗೊಂತೈತಿ ಅಂತ ಅಷ್ಟ ಅದರ ಅರ್ಥ, ಗ್ವಾಡಿ ಮ್ಯಾಲ ಎಷ್ಟು ಚುಕ್ಕಿ ಬೀಳ್ತಾವ ಅನ್ನೋದು ನೇಟಿವ್ ರೆಸಲ್ಯೂಶನ್, ಅದು 1280×720 ಇದ್ರೂ ಇರಬಹುದು. ಖರೇ 4ಕೆ ಅಂದ್ರ 3840×2160, ಫುಲ್ ಎಚ್‌ಡಿ ಅಂದ್ರ 1920×1080, ಮೀಟಿಂಗಿಗೆ ಫುಲ್ ಎಚ್‌ಡಿ ಭರ್ತಿ ಸಾಕು. ಹಂಗ 'ಲುಮೆನ್ಸ್' (ಬೆಳಕಿನ ಅಳತಿ) ಅಂತ ಬರೇ ಇದ್ರ ನಂಬಬ್ಯಾಡ್ರಿ, ಗೊತ್ತುಪಡಿಸಿದ ರೀತಿಯಾಗ ಅಳೆದ ಆನ್ಸಿ ಲುಮೆನ್ಸ್ ಅಥವಾ ಐಎಸ್‌ಒ ಲುಮೆನ್ಸ್ ಎಷ್ಟು ಅಂತ ಕೇಳ್ರಿ. ನಮ್ಮ ಬಿಸಿಲಿಗೆ, ಕಿಟಕಿ ತೆಗೆದಿಟ್ಟ ಹಾಲ್‌ಗೆ 3,000ಕ್ಕಿಂತ ಕಡಿಮಿ ತಗೊಂಡ್ರ ಹಗಲ ಹೊತ್ತಿನಾಗ ಏನೂ ಕಾಣೋದಿಲ್ಲ. ಚಿತ್ರ ಸೊಟ್ಟ ಬಿದ್ರ ಕೀಸ್ಟೋನ್ ಬಟನ್ ಒತ್ತೋದಕ್ಕಿಂತ ಪ್ರೊಜೆಕ್ಟರ್ನ ನೆಟ್ಟಗ ಇಡ್ರಿ, ಕೀಸ್ಟೋನ್ ಚಿತ್ರನ ಒಳಗ ಕುಗ್ಗಿಸಿ ನೆಟ್ಟಗ ಮಾಡ್ತೈತಿ, ಅಕ್ಷರ ಮಸುಕಾಗ್ತಾವ.

3. ದನಿ, ಎಲ್ಲಾ ಕೆಡೋದು ಇಲ್ಲೇ

ಚಿತ್ರ ನಿಂತ್ರೂ ಮೀಟಿಂಗ್ ನಡೀತೈತಿ, ದನಿ ಕೆಟ್ರ ಮುಗೀತು. ಆದ್ರೂ ಪರದೆಗೆ ಸಾವಿರಗಟ್ಟಲೆ ಖರ್ಚು ಮಾಡಿ ಮೈಕಿಗೆ ಲ್ಯಾಪ್‌ಟಾಪ್‌ದ ಸಾಕು ಅಂತಾರ. ಆ ಮೈಕ್ ಎದುರು ಕುಂತ ಒಬ್ಬರಿಗೆ ಮಾಡಿದ್ದು, ಹಿಂದಿನ ಸಾಲಿನ ಅಜ್ಜನ ಪ್ರಶ್ನಿ ಅದಕ್ಕ ಹೆಂಗ ಕೇಳಬೇಕು?

ಮೊದ್ಲ ಎಕೋ. ಇಲ್ಲೊಂದು ಮಾತು ಗಟ್ಟಿಯಾಗಿ ನೆನಪಿಡ್ರಿ: ನಿಮ್ಮ ದನಿ ನಿಮಗ ತಿರುಗಿ ಕೇಳಿದ್ರ ತೊಂದರಿ ಆ ಕಡೆ ಐತಿ, ಆ ಕಡೆಯವ್ರು 'ನಮ್ಮ ದನಿ ನಮಗ ಕೇಳ್ತೈತ್ರಿ' ಅಂದ್ರ ತೊಂದರಿ ನಿಮ್ಮ ಹಾಲ್‌ನಾಗ ಐತಿ. ಯಾಕಂದ್ರ ಅವ್ರ ಮಾತು ನಿಮ್ಮ ಸ್ಪೀಕರ್‌ನಾಗ ಬಂದು, ನಿಮ್ಮ ಮೈಕಿಗೆ ಹೊಕ್ಕು, ತಿರುಗಿ ಅವ್ರಿಗೇ ಹೋಗ್ತೈತಿ. ಹಾಲ್‌ನಾಗ ಕುಂತವ್ರಿಗೆ ಇದು ಗೊತ್ತ ಆಗೋದಿಲ್ಲ, ಅದಕ್ಕ 'ನಮ್ಮ ಕಡೆ ಎಲ್ಲಾ ಸರಿ ಐತಿ' ಅಂತ ವಾದ ಮಾಡ್ತಾ ಕೂಡ್ತಾರ.

ಝೂಮ್, ಮೀಟ್, ಟೀಮ್ಸ್ ಎಲ್ಲಾದ್ರಾಗೂ ಎಕೋ ಕ್ಯಾನ್ಸಲೇಶನ್ ಅಂತ ಇರ್ತೈತಿ. ತಾನು ಸ್ಪೀಕರಿಗೆ ಯಾವ ದನಿ ಕಳ್ಸೀನಿ ಅಂತ ಅದಕ್ಕ ಗೊತ್ತಿರ್ತೈತಿ, ಮೈಕಿನಿಂದ ಬಂದ ದನಿಯಾಗ ಅದನ್ನ ಹುಡುಕಿ ಕಳೀತೈತಿ. ಇದು ನಡಿಯೋದು ಮೈಕ್, ಸ್ಪೀಕರ್ ಎರಡೂ ಒಂದ ಲ್ಯಾಪ್‌ಟಾಪಿಗೆ ಇದ್ದಾಗ. ಅದ ಹಾಲ್‌ನಾಗ ಸೆಕ್ರೆಟರಿ ತಮ್ಮ ಮೊಬೈಲ್‌ನಾಗ ಸೈತ ಜಾಯಿನ್ ಆದ್ರ, ಆ ಮೊಬೈಲ್ ಸ್ಪೀಕರ್‌ನಾಗ ಏನ್ ಬರ್ತೈತಿ ಅಂತ ಲ್ಯಾಪ್‌ಟಾಪಿಗೆ ಏನ್ ಗೊತ್ತು? ಅವ್ರು ಮ್ಯೂಟ್ ಮಾಡ್ಕೊಂಡ್ರೂ ಸಾಲೋದಿಲ್ಲ, ಮ್ಯೂಟ್ ಮುಚ್ಚೋದು ಮೈಕ್ ಮಾತ್ರ, ಸ್ಪೀಕರ್ ನಡದ ಇರ್ತೈತಿ. ಒಂದು ಹಾಲ್, ಒಂದು ಮೈಕ್ ದಾರಿ, ಒಂದು ಸ್ಪೀಕರ್ ದಾರಿ, ಇದರಾಗ ರಾಜಿ ಆಗಬ್ಯಾಡ್ರಿ. ಎರಡನೇ ಮೊಬೈಲ್ ಕ್ಯಾಮೆರಾಕ್ಕ ಬೇಕ ಬೇಕು ಅಂದ್ರ ಝೂಮ್‌ನಾಗ ಆಡಿಯೊ ಜಾಯಿನ್ ಮಾಡದ ಇಡ್ರಿ. ಮೀಟ್‌ನಾಗ ಎರಡನೇ ಲ್ಯಾಪ್‌ಟಾಪ್ ತರೋದಿದ್ರ ಕಂಪ್ಯಾನಿಯನ್ ಮೋಡ್ ಐತಿ, ಅದರಾಗ ಮೈಕ್, ಸ್ಪೀಕರ್ ಎರಡೂ ಬಂದ್ ಇರ್ತಾವ.

ಬ್ಲೂಟೂತ್ ಸ್ಪೀಕರ್ ಮದುವಿಗೆ, ಹಬ್ಬಕ್ಕ ಇರ್ಲಿ, ಮೀಟಿಂಗಿಗೆ ತರಬ್ಯಾಡ್ರಿ. ಅದರಾಗ ದನಿ ತಡವಾಗಿ ಬರ್ತೈತಿ, ಎಕೋ ಕಳಿಯೋ ಲೆಕ್ಕ ತಪ್ತೈತಿ.

ಇನ್ನ ಊರಿನ ಮೈಕ್‌ಸೆಟ್‌ನವ್ರನ್ನ ಕರೆಸಿದ್ರ ಕೆಲಸ ಇನ್ನೂ ನಾಜೂಕು. ಸಾಮಾನ್ಯವಾಗಿ ಅವ್ರು ಮಿಕ್ಸರ್‌ನ ಮೇನ್ ಔಟ್‌ನ ಲ್ಯಾಪ್‌ಟಾಪಿಗೆ ಕೊಡ್ತಾರ. ಮೇನ್ ಔಟ್‌ನಾಗ ಎಲ್ಲಾ ಇರ್ತೈತಿ, ಲ್ಯಾಪ್‌ಟಾಪಿನಿಂದ ಬಂದ ವಿಜ್ಞಾನಿ ದನಿನೂ ಇರ್ತೈತಿ, ಅದು ತಿರುಗಿ ವಿಜ್ಞಾನಿಗೇ ಹೋಗ್ತೈತಿ. ಅವ್ರಿಗೆ ಹಿಂಗ ಹೇಳ್ರಿ: "ಅಣ್ಣಾ, ಲ್ಯಾಪ್‌ಟಾಪಿಗೆ ಆಕ್ಸ್ ಸೆಂಡ್‌ನಿಂದ ಕೊಡ್ರಿ, ಹಾಲ್‌ನ ಮೈಕ್‌ಗಳ ಆಕ್ಸ್ ಅಷ್ಟ ಏರಿಸ್ರಿ, ಲ್ಯಾಪ್‌ಟಾಪ್ ಚಾನೆಲ್‌ದು ಪೂರ್ತಿ ಸೊನ್ನಿಗೆ ಇಡ್ರಿ." ಆಕ್ಸ್ ಸೆಂಡ್ ಅಂದ್ರ ಬೇಕಾದ ಚಾನೆಲ್ ಅಷ್ಟ ಆರಿಸಿ ಕಳ್ಸೋ ಬ್ಯಾರೆ ದಾರಿ, ಹಿಂಗ ಲ್ಯಾಪ್‌ಟಾಪ್ ದನಿ ಬಿಟ್ಟು ಉಳಿದಿದ್ದು ಕಳ್ಸೋದಕ್ಕ ಮಿಕ್ಸ್ ಮೈನಸ್ ಅಂತಾರ. ಮಿಕ್ಸರ್ ತಂತಿನ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿಗೆ ಸೀದಾ ಚುಚ್ಚಬ್ಯಾಡ್ರಿ, ಆ ತೂತು ಮೈಕ್ ಮಟ್ಟದ ಸಣ್ಣ ಸಿಗ್ನಲಿಗೆ ಮಾಡಿದ್ದು, ಮಿಕ್ಸರ್‌ದು ಲೈನ್ ಮಟ್ಟದ್ದು, ದನಿ ಹರದು ಕರಕರ ಅಂತೈತಿ. ನಡುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಲೈನ್ ಸಿಗ್ನಲ್ನ ಲ್ಯಾಪ್‌ಟಾಪಿಗೆ ಸರಿಯಾಗಿ ಕೊಡೋ ಸಣ್ಣ ಡಬ್ಬಿ) ಇಡ್ರಿ.

ಹಾಲ್‌ನಾಗ 'ಕುಂಯ್' ಅಂತ ಕಿವಿ ಹರಿಯೋ ದನಿ ಬಂದ್ರ ಅದು ಎಕೋ ಅಲ್ಲ, ಫೀಡ್‌ಬ್ಯಾಕ್, ನಿಮ್ಮ ಮೈಕ್ ನಿಮ್ಮ ಸ್ಪೀಕರ್ನ ಎಳಕೊಂಡು ಸುತ್ತು ಹೊಡಿಯೋದು. ಸ್ಪೀಕರ್ ಮೈಕಿನ ಹಿಂದ ಇರಬಾರ್ದು, ಮೈಕಿನ ಮುಂದಕ್ಕ, ಮಂದಿ ಕಡೆ ಮುಖ ಮಾಡಿ ಇಡ್ರಿ, ಗೇನ್ (ಮೈಕ್ ದನಿನ ದೊಡ್ಡದು ಮಾಡೋ ಗುಂಡಿ) ಇಳಿಸ್ರಿ, ಮೈಕ್ ಬಾಯಿಂದ ಒಂದ್ ಗೇಣಿನ ಒಳಗ ಹಿಡೀರಿ ಅಂತ ಮಾತಾಡೋರಿಗೆ ಮೊದ್ಲ ಹೇಳ್ರಿ. ಕಾರ್ಡ್‌ಲೆಸ್ ಮೈಕಿಗೆ ತನ್ನದ ಒಂದು ಸ್ವಿಚ್ ಇರ್ತೈತಿ, ಆ್ಯಪ್‌ನ ಮ್ಯೂಟ್ ತೆಗೆದ್ರೂ ದನಿ ಹೋಗ್ಲಿಲ್ಲಂದ್ರ ಅದನ್ನ ನೋಡ್ರಿ.

ಎಚ್‌ಡಿಎಂಐ ಹಚ್ಚಿದ ಕೂಡ್ಲೆ ವಿಂಡೋಸ್ ಎಷ್ಟೋ ಸಲ ದನಿನ ಟಿವಿ ಕಡೆ ತಿರುಗಿಸ್ತೈತಿ, 'ಸ್ಪೀಕರ್ ಸತ್ತೈತಿ' ಅಂತ ತಂತಿ ಕಿತ್ತಾಡಬ್ಯಾಡ್ರಿ, ಆ್ಯಪ್‌ನ ಆಡಿಯೊ ಸೆಟ್ಟಿಂಗ್ಸ್‌ನಾಗ ಸ್ಪೀಕರ್ ಹೆಸರು ಆರಿಸಿ ಟೆಸ್ಟ್ ಒತ್ರಿ.

ಬ್ಯಾಸಿಗ್ಯಾಗ ಕೂಲರ್ ಬಂದ್ ಮಾಡ್ರಿ ಅಂದ್ರ ಯಾರೂ ಒಪ್ಪೋದಿಲ್ಲ, ಒಪ್ಪಲೂಬಾರ್ದು. ಮೈಕ್ನ ಕೂಲರ್ ಗಾಳಿಯಿಂದ ದೂರ ಇಟ್ಟು ಆ್ಯಪ್‌ನಾಗ ನಾಯ್ಸ್ ಸಪ್ರೆಶನ್ (ಗದ್ದಲ ಕಡಿಮಿ ಮಾಡೋ ಸೆಟ್ಟಿಂಗ್) ಹೈ ಮಾಡ್ರಿ. ಭಜನಿ, ತತ್ವಪದ ಹಾಡ್ಸೋದಿದ್ರ ಮಾತ್ರ ಇದು ತಿರುಗಾಮುರುಗಾ: ಆ ಸಪ್ರೆಶನ್ ತಬಲಾ, ಹಾರ್ಮೋನಿಯಂ ದನಿನ ಗದ್ದಲ ಅಂತ ತಿಳದು ನುಂಗ್ತೈತಿ, ಝೂಮ್‌ನಾಗ 'ಒರಿಜಿನಲ್ ಸೌಂಡ್' ಆನ್ ಮಾಡ್ರಿ, ಕೂಲರ್ ಅಷ್ಟೊತ್ತು ಬಂದ್ ಇಡ್ರಿ.

ಕಡೀಗೆ ಪರೀಕ್ಷೆ. ಹಾಲ್‌ನಾಗ ಕುಂತು ಪರೀಕ್ಷೆ ಮಾಡಿದ್ರ ಉಪಯೋಗಿಲ್ಲ. ಒಬ್ರನ್ನ ಮನಿಗೆ ಕಳ್ಸಿ, ಅಲ್ಲಿಂದ ಹೆಡ್‌ಫೋನ್ ಹಾಕ್ಕೊಂಡು ಜಾಯಿನ್ ಆಗಿ ಐದು ನಿಮಿಷ ಮಾತಾಡ್ಸ್ರಿ. ಅವ್ರಿಗೆ ತಮ್ಮ ದನಿ ತಿರುಗಿ ಕೇಳಿಲ್ಲಂದ್ರ ಗೆದ್ರಿ.

4. ಕ್ಯಾಮೆರಾ

ಬೆಳಕು ಮುಖದ ಮ್ಯಾಲ ಬೀಳ್ಬೇಕು, ಕಿಟಕಿ ಬೆನ್ನಿಗಿರಬಾರ್ದು. ಪಿನ್ ಮಾಡಿದ್ರ ಆ ಮುಖ ನಿಮಗ ಅಷ್ಟ ದೊಡ್ಡದಾಗ್ತೈತಿ, ಝೂಮ್‌ನಾಗ ಸ್ಪಾಟ್‌ಲೈಟ್ ಮಾಡಿದ್ರ ಎಲ್ಲಾರಿಗೂ.

5. ಸ್ಕ್ರೀನ್ ಶೇರ್

ವಿಡಿಯೊ ತೋರ್ಸೋದಿದ್ರ ಶೇರ್ ಮಾಡೋವಾಗಲೇ 'ಶೇರ್ ಸೌಂಡ್' ಟಿಕ್ ಮಾಡ್ರಿ, ಇಲ್ಲಂದ್ರ ಆ ಕಡೆ ಮೂಕಿ ಚಿತ್ರ ಕಾಣ್ತೈತಿ. ಬೆಳಿ ರೋಗದ ಫೋಟೊ ನೋಡೋದಿದ್ರ ಟಿವಿಯ ಪಿಕ್ಚರ್ ಮೋಡ್ 'ವಿವಿಡ್' ಇರಬಾರ್ದು, ಭತ್ತದ ಬೆಂಕಿ ರೋಗದಾಗ ನೂಲೋ ಕದಿರಿನ ಆಕಾರದ (ನಡುವ ಅಗಲ, ಎರಡೂ ತುದಿ ಚೂಪು) ಚುಕ್ಕಿ, ನಡುವ ಬೂದಿ ಬಣ್ಣ, ಸುತ್ತ ಕಂದು, ವಿವಿಡ್‌ನಾಗ ಹಸಿರು ಮಿತಿಮೀರಿ ಎದ್ದು ಆ ಬೂದಿ ಬಣ್ಣನ ಕಾಣದಂಗ ಆಗ್ತೈತಿ. 'ಸ್ಟ್ಯಾಂಡರ್ಡ್' ಅಥವಾ 'ಸಿನಿಮಾ' ಇಡ್ರಿ. ಫೋಟೊನ ವಾಟ್ಸಾಪ್‌ನಾಗ ಡಾಕ್ಯುಮೆಂಟ್ ಅಂತ ಕಳ್ಸಿ ತರಿಸ್ಕೋರಿ, ಸಾದಾ ಕಳ್ಸಿದ್ರ ಕಂಪ್ರೆಸ್ ಆಗಿ ಚುಕ್ಕಿ ಒಂದಕ್ಕೊಂದು ಕಲಸ್ತಾವ.

6. ಮುಗಿಸೋದು

ಝೂಮ್‌ನ ಪುಕ್ಕಟೆ ಅಕೌಂಟ್‌ನಾಗ ಮೀಟಿಂಗ್ 40 ನಿಮಿಷಕ್ಕ ಕಟ್ ಆಗ್ತೈತಿ, ಪ್ರಶ್ನೋತ್ತರ ಇದ್ರ ಒಂದ್ ತಿಂಗಳಿಗೆ ರೊಕ್ಕ ಕಟ್ಟೋದು ಮೇಲು. ಹೋಸ್ಟ್ ಆದವ್ರು 'ಎಂಡ್ ಮೀಟಿಂಗ್ ಫಾರ್ ಆಲ್' ಒತ್ರಿ. ಲ್ಯಾಪ್‌ಟಾಪ್‌ನಾಗ ರೆಕಾರ್ಡ್ ಮಾಡಿದ್ರ ಮೀಟಿಂಗ್ ಮುಗಿದ ಮ್ಯಾಲೇ ಅದು ಎಂಪಿ4 ಫೈಲ್ ಆಗಿ ಕನ್ವರ್ಟ್ ಆಗೋದು, ಅದು ಎಷ್ಟಾತು ಅಂತ ತೋರ್ಸೋ ಗೆರಿ ಪೂರ್ತಿ ತುಂಬೋ ತನಕ ಲ್ಯಾಪ್‌ಟಾಪ್ ಮುಚ್ಚಬ್ಯಾಡ್ರಿ, ಚಾರ್ಜರ್ ಕೀಳಬ್ಯಾಡ್ರಿ.